ಗರಡಿಯ ಎಣ್ಣೆಗೆ ಹಣ ಕೊಟ್ಟವರು ಯಾರು?

ಆಟದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಚರಿತ್ರೆಯನ್ನೇ ಬರೆಯುತ್ತಾರೆ. ಯಾವ ಜಟ್ಟಿ ಯಾರನ್ನು ಚಿತ್ ಮಾಡಿದ, ಯಾವ ತಂಡ ಯಾವ ವರ್ಷ ಬೆಳ್ಳಿಯ ಬಟ್ಟಲನ್ನು ಊರಿಗೆ ತಂದಿತು ಎಂಬುದೆಲ್ಲ ನಮಗೆ ಸಿಗುತ್ತದೆ. ಆದರೆ ಆ ಜಟ್ಟಿ ಇನ್ನೂ ಹುಡುಗನಾಗಿದ್ದಾಗ ಸಾಮು ಮಾಡಿದ ಮಟ್ಟಿಗೆ ಕೆಮ್ಮಣ್ಣು ಹೊತ್ತು ತಂದವರು ಯಾರು, ಅವನ ಮೈಗೆ ತಿಕ್ಕಿದ ಎಣ್ಣೆಗೆ ಹಣ ಕೊಟ್ಟವರು ಯಾರು, ಕೋಳಿ ಕೂಗುವ ಹೊತ್ತಿಗೆ ಎದ್ದು ಬಂದು ಪಟ್ಟು ಹೇಳಿಕೊಟ್ಟ ಉಸ್ತಾದರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿತ್ತು, ಇವನ್ನು ಬರೆದಿಟ್ಟವರು ವಿರಳ. ಗೆಲುವಿಗೆ ಶಾಸನವುಂಟು, ಎಣ್ಣೆಗೆ ಇಲ್ಲ.

ಆದರೂ ಇಂದು ನಮಗೆ ಬೇಕಾಗಿರುವುದು ಈ ಎಣ್ಣೆಯ ಲೆಕ್ಕವೇ. ತಾಲ್ಲೂಕು ಕೇಂದ್ರವೊಂದರಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಗೃಹಸ್ಥನೊಬ್ಬ ತನ್ನ ಮಗನನ್ನೋ ಮಗಳನ್ನೋ ಆಟ ಕಲಿಯಲು ಕಳುಹಿಸಬೇಕೆಂದರೆ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಆಟ’ ಎಂಬುದಲ್ಲ, ‘ಶುಲ್ಕವೆಷ್ಟು’ ಎಂಬುದು. ತಿಂಗಳ ಶುಲ್ಕ, ಬೂಟು, ಸಮವಸ್ತ್ರ, ಪಂದ್ಯಕ್ಕೆ ಹೋಗಿಬರುವ ಬಸ್ಸಿನ ಖರ್ಚು ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆ ಮಗುವಿಗೆ ‘ಚೆನ್ನಾಗಿ ಓದು, ಸಾಕು’ ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಇದನ್ನು ಕಂಡ ಹಿರಿಯರು, ‘ನಮ್ಮ ಕಾಲದಲ್ಲಿ ಒಂದು ಕಾಸೂ ಇಲ್ಲದೆ ಆಡುತ್ತಿದ್ದೆವು’ ಎನ್ನುತ್ತಾರೆ. ಈ ಮಾತು ಅರ್ಧ ನಿಜ. ಚಿನ್ನಿದಾಂಡು, ಲಗೋರಿ, ಬುಗುರಿಗಳಿಗೆ ಕಾಸು ಬೇಕಾಗಿರಲಿಲ್ಲ, ಸರಿ. ಆದರೆ ಕ್ರಮವಾಗಿ, ಗುರುಮುಖೇನ, ವರ್ಷವಿಡೀ ನಡೆಯುವ ಆಟಕ್ಕೆ ಎಂದಿನಿಂದಲೂ ಖರ್ಚಿದೆ. ಮಗು ಕೊಡಲಿಲ್ಲವೆಂದರೆ ಬೇರೆ ಯಾರೋ ಕೊಟ್ಟಿರಬೇಕು. ಯಾರು ಕೊಟ್ಟರು, ಏಕೆ ಕೊಟ್ಟರು, ಏಕೆ ನಿಲ್ಲಿಸಿದರು ಎಂಬುದನ್ನು ವಿಚಾರಿಸಿದರೆ ಆಟದ ಚರಿತ್ರೆಯ ಇನ್ನೊಂದು ಮುಖ ಕಾಣುತ್ತದೆ.

ಅರಮನೆಯ ಅನ್ನ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವೊಂದಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ತಕ್ಕಂತೆ ವರ್ಗ ಮಾಡುವ ಬಗೆ, ಅವರು ಮಾಡಬೇಕಾದ ಸಾಮು, ಭಾರ ಎತ್ತುವುದು, ನಡೆದಾಡುವುದು, ನೀರಿನಲ್ಲಿ ಈಜುವುದು, ಕಂಬದ ಮೇಲಿನ ಕಸರತ್ತು, ಇವನ್ನೆಲ್ಲ ದೊರೆ ಶಾಸ್ತ್ರೀಯವಾಗಿ ಹೇಳಿದ್ದಾನೆ. ಅವರಿಗೆ ಪುಷ್ಟಿಕರವಾದ ಆಹಾರವನ್ನು ಕೊಟ್ಟು ಸಾಕಬೇಕೆಂಬುದೂ ಅಲ್ಲಿದೆ. ಇಂದಿನ ತರಬೇತುದಾರರು ಓದಿದರೂ ತಲೆದೂಗುವಂಥ ವಿವರ ಅದು. ಆದರೆ ಆ ಭಾಗದ ಹೆಸರನ್ನು ಗಮನಿಸಬೇಕು: ಅದು ‘ವಿನೋದ’. ಯಾರ ವಿನೋದ? ರಾಜನ ವಿನೋದ. ಅನ್ನ ಅರಮನೆಯದು, ಆದ್ದರಿಂದ ಆಟವೂ ಅರಮನೆಯದು.

ನಾಲ್ಕು ಶತಮಾನಗಳು ಕಳೆದ ಮೇಲೆ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ದೊರೆ ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ವರಸೆ ಮಾಡಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೂ ದೇಹ ದಂಡಿಸಿ, ಆಮೇಲೆ ಮಲ್ಲನೊಬ್ಬನೊಡನೆ ಕುಸ್ತಿಗೆ ಇಳಿಯುತ್ತಿದ್ದನಂತೆ. ದೊರೆಗೇನು, ಎಣ್ಣೆಗೆ ಕೊರತೆಯೇ? ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಈ ಪರಂಪರೆಯದೇ ಕುಡಿ.

ಅರಮನೆಯ ಪೋಷಣೆ ಕಲೆಯನ್ನು ಉಳಿಸಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಆರಿಸಿದ ಕೆಲವರನ್ನು ಪೋಷಿಸಿತು. ಕೇರಿಯ ಎಲ್ಲ ಹುಡುಗರನ್ನೂ ಅಲ್ಲ. ಆ ಕೆಲಸ ನಡೆದದ್ದು ಬೇರೊಂದು ಕಡೆ.

ಜಾಗ, ಮಣ್ಣು, ಎಣ್ಣೆ, ಉಸ್ತಾದ್

‘ಗರುಡಿ’ ಎಂಬುದು ನಮ್ಮ ಹಳೆಯ ಕಾವ್ಯಗಳಿಗೆ ಪರಿಚಿತವಾದ ಶಬ್ದ. ಅಲ್ಲಿ ಅದು ಶಸ್ತ್ರಾಭ್ಯಾಸದ ಸ್ಥಳ. ಆ ಶಬ್ದವೇ ಜನರ ಬಾಯಲ್ಲಿ ‘ಗರಡಿ’ಯಾಗಿ, ಹಳೆಯ ಮೈಸೂರು ಸೀಮೆಯಲ್ಲಿ ಕುಸ್ತಿಯ ಮನೆಯಾಯಿತು. ತುಳುನಾಡಿನಲ್ಲಿ ಅದೇ ಹೆಸರು ಕೋಟಿ ಚೆನ್ನಯರ ಆರಾಧನೆಯ ಸ್ಥಾನಕ್ಕೆ ಸಂದಿತು. ಉತ್ತರ ಕರ್ನಾಟಕದಲ್ಲಿ ಇದನ್ನು ತಾಲೀಮು ಎಂದೂ ಕರೆದರು. ಮೈಸೂರಿನ ಹಳೆಯ ಮೊಹಲ್ಲಾಗಳಿಂದ ಹಿಡಿದು ಮುಧೋಳ, ಗೋಕಾಕ, ದಾವಣಗೆರೆಗಳವರೆಗೆ ಗರಡಿಯಿಲ್ಲದ ಊರು ಊರಲ್ಲವೆನ್ನುವ ಕಾಲವೊಂದಿತ್ತು.

ಗರಡಿಯ ಖರ್ಚಿನ ಬಾಬುಗಳು ನಾಲ್ಕೇ: ಜಾಗ, ಮಣ್ಣು, ಎಣ್ಣೆ, ಉಸ್ತಾದ್.

ಜಾಗ ಸಾಮಾನ್ಯವಾಗಿ ಕೇರಿಯದು. ಆಂಜನೇಯನ ಗುಡಿಯ ಪಕ್ಕದ್ದೋ, ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟದ್ದೋ ಆಗಿರುತ್ತಿತ್ತು. ಬಾಗಿಲು ಕುಳ್ಳಾಗಿ, ಕಿಟಕಿ ಸಣ್ಣದಾಗಿ, ಒಳಗೆ ತಂಪಾಗಿರುವ ಕೋಣೆ. ಮಣ್ಣನ್ನು ಹುಡುಗರೇ ಹೊರುತ್ತಿದ್ದರು. ಕೆಮ್ಮಣ್ಣನ್ನು ಜರಡಿ ಹಿಡಿದು, ಅರಿಸಿನ, ಎಣ್ಣೆ, ನಿಂಬೆಯ ರಸ, ಕರ್ಪೂರ ಬೆರೆಸಿ, ಗುದ್ದಲಿಯಿಂದ ಅಗೆದಗೆದು ಹದ ಮಾಡುವುದೇ ಎಳೆಯರಿಗೆ ಮೊದಲ ಸಾಮು. ಅಂದರೆ ಅಖಾಡವನ್ನು ಸಿದ್ಧಪಡಿಸುವ ಕೂಲಿಯನ್ನು ಅಲ್ಲಿ ಆಡುವವರೇ ತಮ್ಮ ಮೈಯಿಂದ ತೆತ್ತುಬಿಡುತ್ತಿದ್ದರು. ಗದೆ, ಕಲ್ಲುಗುಂಡು, ಸಂಗ್ರಾಣಿ ಕಲ್ಲು, ಮಲ್ಲಗಂಬ, ಇವು ಒಮ್ಮೆ ಮಾಡಿಸಿದರೆ ಎರಡು ಮೂರು ತಲೆಮಾರಿಗೆ ಸಾಲುವ ಸಾಮಾನು. ದಂಡ ಹೊಡೆಯಲು, ಬಸ್ಕಿ ತೆಗೆಯಲು ನೆಲವೊಂದಿದ್ದರೆ ಸಾಕು. ಲಂಗೋಟಿಗೆ ಎಷ್ಟು ಬಟ್ಟೆ ಬೇಕು?

ಎಣ್ಣೆಗೆ ಮಾತ್ರ ನಿತ್ಯ ಹಣ ಬೇಕು. ಅದಕ್ಕೆ ಕೇರಿಯ ವಂತಿಗೆ, ಅನುಕೂಲಸ್ಥರ ಉದಾರತೆ, ಜಾತ್ರೆಯ ಕುಸ್ತಿಯಲ್ಲಿ ಬಂದ ಇನಾಮು. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಎಣ್ಣೆಯ ವಿಷಯದಲ್ಲಿ ಅಕ್ಷರಶಃ ನಿಜವಾಗಿತ್ತು. ಜನ ಏಕೆ ಕೊಡುತ್ತಿದ್ದರು? ಧರ್ಮಬುದ್ಧಿಯಿಂದ ಮಾತ್ರವಲ್ಲ. ಜಾತ್ರೆಯಲ್ಲಿ ಪಕ್ಕದ ಊರಿನ ಪೈಲ್ವಾನನನ್ನು ಕೆಡವುವ ಹುಡುಗ ‘ನಮ್ಮ’ ಗರಡಿಯವನಾಗಿರಬೇಕು ಎಂಬ ಆಸೆಯಿತ್ತು. ಎಣ್ಣೆ ಕೊಟ್ಟವನಿಗೂ ಆ ಗೆಲುವಿನಲ್ಲಿ ಒಂದು ಪಾಲು.

ಉಸ್ತಾದರ ವಿಷಯ ಬೇರೆ. ಈ ಶಬ್ದವೇ ಒಂದು ಚರಿತ್ರೆ. ಪಾರಸಿಯಿಂದ ಬಂದ ಈ ಹೆಸರನ್ನು ಆಂಜನೇಯನಿಗೆ ಕೈಮುಗಿದು ಮಟ್ಟಿಗಿಳಿಯುವ ಹುಡುಗರು ತಮ್ಮ ಗುರುವಿಗೆ ಇಟ್ಟರು. ವಸ್ತಾದಿ ಎಂದು ಕನ್ನಡ ಮಾಡಿಕೊಂಡವರೂ ಉಂಟು. ಉಸ್ತಾದ್ ಹಿಂದುವಾಗಿದ್ದರೂ ಮುಸಲ್ಮಾನನಾಗಿದ್ದರೂ ಗರಡಿಯೊಳಗೆ ಅವನು ಉಸ್ತಾದನೇ. ಹೆಚ್ಚಿನ ಉಸ್ತಾದರು ಹೊಟ್ಟೆಗೆ ಬೇರೆ ಕಸುಬು ಮಾಡುತ್ತಿದ್ದರು. ಸಂಬಳವಿಲ್ಲ, ನಿವೃತ್ತಿ ವೇತನದ ಮಾತಂತೂ ದೂರ. ಶಿಷ್ಯರು ಹಬ್ಬಕ್ಕೊಮ್ಮೆ ಫಲತಾಂಬೂಲ, ಪಂಚೆ, ರುಮಾಲು ಕೊಟ್ಟು ಕಾಲಿಗೆ ಬಿದ್ದರೆ ಅದೇ ದಕ್ಷಿಣೆ.

ಗರಡಿಯನ್ನು ಹೊಗಳುವವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಆದರೆ ಲೆಕ್ಕವೆಂದ ಮೇಲೆ ಜಮೆಯ ಜೊತೆ ಖರ್ಚನ್ನೂ ನೋಡಬೇಕು. ಗರಡಿ ಹುಡುಗರಿಗೆ ಬಿಟ್ಟಿಯಾಗಿ ಸಿಕ್ಕಿದ್ದು ಬಹುಮಟ್ಟಿಗೆ ಉಸ್ತಾದರ ಹೊಟ್ಟೆಯ ಮೇಲೆ. ಅವರು ಮುದುಕರಾದಾಗ, ತೀರಿಕೊಂಡಾಗ, ಮಗ ಬೇರೆ ಉದ್ಯೋಗ ಹಿಡಿದು ಪೇಟೆಗೆ ಹೋದಾಗ ಗರಡಿಯ ಬಾಗಿಲು ಮುಚ್ಚಿತು. ಜಾಗ ಯಾರದೆಂಬ ಕಾಗದವಿಲ್ಲದ ಕಡೆ ಅದು ಅಂಗಡಿಯಾಯಿತು, ಗೋದಾಮಾಯಿತು. ಇನ್ನೊಂದು ಮಾತು: ಆ ಕುಳ್ಳು ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕೇರಿಯೆಂದರೆ ಜಾತಿಯೇ ಆಗಿದ್ದ ಊರುಗಳಲ್ಲಿ ‘ನಮ್ಮ ಗರಡಿ’ ಎಂಬ ಮಾತಿಗೆ ‘ಅವರದಲ್ಲದ್ದು’ ಎಂಬ ಅರ್ಥವೂ ಇತ್ತು. ಹೆಣ್ಣುಮಕ್ಕಳಿಗಂತೂ ಹೊಸ್ತಿಲು ತುಳಿಯುವುದೇ ನಿಷಿದ್ಧ. ಕೇರಿ ಭರಿಸಿದ ಆಟ ಕೇರಿಯ ಗಡಿಯಲ್ಲೇ ನಿಂತಿತು.

ಚಳವಳಿ ತಂದ ಶಿಸ್ತು

ಈ ಗಡಿಯನ್ನು ದಾಟಿಸುವ ಪ್ರಯತ್ನ ಕಳೆದ ಶತಮಾನದ ಆದಿಯಲ್ಲಿ ನಡೆಯಿತು. ಪುಣೆಯ ಡೆಕ್ಕನ್ ಜಿಮ್ಖಾನಾದವರು 1914ರಲ್ಲಿ ಖೊ-ಖೊ ಆಟಕ್ಕೆ ನಿಯಮಗಳನ್ನು ರೂಪಿಸಿದರು. ಅದೇ ವರ್ಷ ವಿದರ್ಭದ ಅಮರಾವತಿಯಲ್ಲಿ ವೈದ್ಯ ಸಹೋದರರು ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯನ್ನು ಕಟ್ಟಿದರು. ಆ ಊರಿನ ಅಖಾಡದ ತಂಡವೇ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ನಮ್ಮ ದೇಶೀ ಆಟಗಳನ್ನೂ ವ್ಯಾಯಾಮಗಳನ್ನೂ ಪ್ರದರ್ಶಿಸಿ ಬಂದಿತು. 1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಸ್ಥಾನ ದೊರೆಯಿತು.

ನಿಯಮ ಬರೆಯುವುದರಲ್ಲಿ ಏನು ದೊಡ್ಡಸ್ತಿಕೆ ಎನ್ನಬಹುದು. ಊರೂರಿಗೊಂದು ರೀತಿ ಆಡುತ್ತಿದ್ದ ಆಟವನ್ನು ಒಂದು ಅಳತೆಗೆ ತಂದಾಗಲೇ ಒಂದೂರಿನ ಬಡ ಹುಡುಗ ಇನ್ನೊಂದೂರಿನ ಸಿರಿವಂತ ಹುಡುಗನ ಎದುರು ಸಮಸಮನಾಗಿ ನಿಲ್ಲಲು ಸಾಧ್ಯ. ಖೊ-ಖೊ ಆಟಕ್ಕೆ ಬೇಕಾದದ್ದು ಎರಡು ಕಂಬ ಮತ್ತು ಸುಣ್ಣದ ಗೆರೆ. ಕಬಡ್ಡಿಗೆ ಕಂಬವೂ ಬೇಡ. ಇವಕ್ಕೆ ನಿಯಮದ ಪುಸ್ತಕ ಬಂದುದರಿಂದ ಬಡವರ ಆಟಕ್ಕೆ ಮರ್ಯಾದೆ ಬಂದಿತು.

ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಅಮೆರಿಕದಲ್ಲಿ ಓದಿ ಬಂದವರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡ ಅವರು ಅದೇ ವರ್ಷ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಕವಾಯತು ಕಲಿತ ಸ್ವಯಂಸೇವಕರ ಶಿಸ್ತನ್ನು ದೇಶವೇ ಕಂಡಿತು. ಆ ದಳದ ಮಹಿಳಾ ವಿಭಾಗವನ್ನು ನೋಡಿಕೊಂಡವರು ಉಮಾಬಾಯಿ ಕುಂದಾಪುರರು. ಬಾಲವಿಧವೆಯರೂ ಗೃಹಿಣಿಯರೂ ಸೇರಿ ನೂರಕ್ಕೂ ಹೆಚ್ಚು ಮಂದಿ ಹೆಂಗಸರನ್ನು ಅವರು ಬೆಳಗಾವಿಗೆ ಕರೆತಂದರು. ಗರಡಿಯ ಹೊಸ್ತಿಲಲ್ಲಿ ತಡೆದು ನಿಲ್ಲಿಸಲ್ಪಟ್ಟಿದ್ದ ಹೆಣ್ಣು ಬಯಲಿನಲ್ಲಿ ಸಾಲಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. 1932ರಲ್ಲಿ ಸರಕಾರ ದಳವನ್ನು ನಿಷೇಧಿಸಿತು. ದೇಹ ಬೆಳೆಸುವ ಕೆಲಸಕ್ಕೆ ಅಂದು ಹಣ ತೆತ್ತದ್ದು ದೇಶಭಕ್ತಿ. ಆದರೆ ದೇಶಭಕ್ತಿಯ ಜ್ವಾಲೆ ಸದಾ ಒಂದೇ ಎತ್ತರದಲ್ಲಿ ಉರಿಯುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಎಣ್ಣೆಯೂ ತೀರಿತು.

ಹಣ್ಣಿನ ಬುಟ್ಟಿಯ ಪಾಠ

ಇತ್ತ ಶಾಲೆಗಳ ಬಯಲಿಗೆ ಬೇರೊಂದು ದಾರಿಯಿಂದ ಆಟಗಳು ಬಂದಿದ್ದವು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಾಲೆಯ ಅಧ್ಯಾಪಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದನ್ನು ಕಲ್ಪಿಸಬೇಕಾಯಿತು. ಶಾಲೆಯ ಜವಾನನನ್ನು ಎರಡು ಪೆಟ್ಟಿಗೆ ತರಲು ಹೇಳಿದರೆ ಅವನಿಗೆ ಸಿಕ್ಕಿದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅವನ್ನೇ ಮೊಗಸಾಲೆಯ ಅಂಚಿಗೆ, ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು, 13 ನಿಯಮ ಬರೆದರು. ಅದೇ ಬಾಸ್ಕೆಟ್‌ಬಾಲ್. ಇಂದಿಗೂ ಬಳೆಯ ಎತ್ತರ ಆ ಹತ್ತಡಿಯೇ. ನಾಲ್ಕು ವರ್ಷದ ಮೇಲೆ, 1895ರಲ್ಲಿ, ಸಮೀಪದ ಹೊಲ್ಯೋಕ್ ಊರಿನಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲನ್ನು ಸೃಷ್ಟಿಸಿದರು. ಎರಡೂ ಆಟ ಹುಟ್ಟಿದ್ದು ಇದ್ದುದರಲ್ಲಿ ಹೊಂದಿಸಿಕೊಳ್ಳುವ ಗುಣದಿಂದ. ಒಂದು ಚೆಂಡಿನಲ್ಲಿ ಹತ್ತು ಹನ್ನೆರಡು ಮಂದಿ ಆಡಬಹುದಾದ್ದರಿಂದಲೇ ಅವು ನಮ್ಮ ಊರುಗಳಿಗೂ ಒಗ್ಗಿದವು. ತಂಜಾವೂರಿನ ಕಡೆಯಿಂದ ಬಂದ, ಹಳದಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಸಹ ಹಾಗೆಯೇ ಇಲ್ಲಿಯ ಬಯಲುಗಳಲ್ಲಿ ನೆಲೆಯೂರಿತು.

ಆದರೆ ಚೆಂಡಿಗಿಂತ ಮುಖ್ಯವಾದುದು ಚೆಂಡನ್ನು ಹೇಗೆ ಹಿಡಿಯಬೇಕೆಂದು ತೋರಿಸುವ ಕೈ. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ತೆರೆದರು. ದಕ್ಷಿಣ ಭಾರತದ ಶಾಲೆಗಳಿಗೆ ತರಬೇತಿ ಪಡೆದ ವ್ಯಾಯಾಮ ಶಿಕ್ಷಕರು ದೊರೆತದ್ದು ಅಲ್ಲಿಂದ. ನಾವೆಲ್ಲ ಡ್ರಿಲ್ ಮೇಷ್ಟ್ರು ಎಂದು ಕರೆದು, ಹೆದರಿ, ಒಳಗೊಳಗೇ ಪ್ರೀತಿಸಿದ ಆ ವರ್ಗದ ಮಹತ್ವ ಚರಿತ್ರೆಯ ದೃಷ್ಟಿಯಿಂದ ದೊಡ್ಡದು. ಉಸ್ತಾದರಿಗೆ ಇಲ್ಲದಿದ್ದ ಸಂಬಳ ಡ್ರಿಲ್ ಮೇಷ್ಟ್ರಿಗೆ ಬಂದಿತು. ಆಟ ಕಲಿಸುವವನ ಹೊಟ್ಟೆಯ ಹೊಣೆಯನ್ನು ಸಮಾಜ ಮೊದಲ ಬಾರಿಗೆ ಕಾಗದದ ಮೇಲೆ ಒಪ್ಪಿಕೊಂಡಿತು. ಶಾಲೆಯ ಬಾಗಿಲು ಗರಡಿಯ ಬಾಗಿಲಿಗಿಂತ ಅಗಲವಾದುದರಿಂದ ಕೇರಿಯ ಗಡಿಯೂ ಸ್ವಲ್ಪ ಸಡಿಲಿತು.

ಸ್ವಾತಂತ್ರ್ಯಾನಂತರ 1953ರಲ್ಲಿ ರಾಜಕುಮಾರಿ ಅಮೃತ್ ಕೌರ್ ಹೆಸರಿನ ತರಬೇತಿ ಯೋಜನೆ ಬಂದಿತು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಇವು ಒಳ್ಳೆಯ ಕೆಲಸಗಳೇ. ಆದರೆ ಇವುಗಳ ಕಣ್ಣು ಪದಕದ ಮೇಲೆ. ಮಾನಸೋಲ್ಲಾಸದ ದೊರೆಯಂತೆ ಸರಕಾರವೂ ಆರಿಸಿದ ಮಲ್ಲರಿಗೆ ಅನ್ನ ಹಾಕಿತು. ಆರಿಸಲ್ಪಡದ ನೂರು ಮಕ್ಕಳ ಸಂಜೆಯ ಹೊತ್ತಿನ ಹೊಣೆ ಮತ್ತೆ ಊರಿನ ಮೇಲೆಯೇ ಉಳಿಯಿತು.

ಮೂವತ್ತು ಡಾಲರಿನ ಕಥೆ

ಊರೊಂದು ಈ ಹೊಣೆಯನ್ನು ಹೇಗೆ ಹೊರಬಹುದೆಂಬುದಕ್ಕೆ ಲೆಕ್ಕ ಉಳಿದಿರುವ ಒಂದು ದೃಷ್ಟಾಂತ ಅಮೆರಿಕದ್ದು. ನಮ್ಮ ಗರಡಿಗಳು ಬರೆದಿಡದೆ ಹೋದ ಪುಟ ಅದೆಂದು ಭಾವಿಸಿ ಓದಬಹುದು. ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟ್ ಮರದ ವ್ಯಾಪಾರಕ್ಕೆ ಹೆಸರಾಗಿದ್ದ ಊರು. ಅಲ್ಲಿ ಕಾರ್ಲ್ ಸ್ಟಾಟ್ಸ್ ಎಂಬ ಸಾಧಾರಣ ನೌಕರ ತನ್ನ ಸೋದರಳಿಯಂದಿರೊಡನೆ ಆಡುತ್ತಿದ್ದಾಗ, ಬೇಸ್‌ಬಾಲ್ ಆಟದ ಅಂಗಣವೂ ಸಾಮಾನೂ ದೊಡ್ಡವರ ಅಳತೆಗೆ ಮಾಡಿದವು, ಹುಡುಗರಿಗಲ್ಲ ಎಂಬುದನ್ನು ಗಮನಿಸಿದ. ಅಂಗಣವನ್ನು ಮೂರನೆಯ ಎರಡು ಪಾಲಿಗೆ ಇಳಿಸಿ, ತೊಂಬತ್ತು ಅಡಿಯ ಓಟವನ್ನು ಅರವತ್ತು ಅಡಿ ಮಾಡಿದ.

ಬಟ್ಟೆಗೂ ಚೆಂಡಿಗೂ ಹಣ ಬೇಕಲ್ಲ? ಸ್ಟಾಟ್ಸ್ ಊರಿನ ಒಂದೊಂದೇ ಅಂಗಡಿ, ಕಂಪನಿಗಳ ಮೆಟ್ಟಿಲು ಹತ್ತಿದ. ಐವತ್ತಕ್ಕೂ ಹೆಚ್ಚು ಕಡೆ ಇಲ್ಲವೆನ್ನಿಸಿಕೊಂಡ ಮೇಲೆ ಹಾಲಿನ ಡೈರಿಯೊಂದು 30 ಡಾಲರ್ ಕೊಡಲು ಒಪ್ಪಿತು. ಮರದ ಅಡತಿಯೊಂದು, ತಿಂಡಿ ತಯಾರಿಸುವ ಕಂಪನಿಯೊಂದು ಜೊತೆಗೂಡಿದವು. ಮೂರು ತಂಡ, ಮೂರು ಪೋಷಕರು. 1939ರ ಜೂನ್ 6ರಂದು ಮೊದಲ ಪಂದ್ಯ ನಡೆಯಿತು. ಮರದ ಅಡತಿಯ ತಂಡ ಡೈರಿಯ ತಂಡವನ್ನು 23–8ರಿಂದ ಸೋಲಿಸಿತು. ಸೋತ ಡೈರಿಯವರು ಹಣ ಹಿಂದಕ್ಕೆ ಕೇಳಲಿಲ್ಲ! ಅದೇ ‘ಲಿಟಲ್ ಲೀಗ್’ ಎಂಬ ಹೆಸರಿನಲ್ಲಿ ಬೆಳೆದು ಅನೇಕ ದೇಶಗಳಿಗೆ ಹಬ್ಬಿತು.

ಈ ಕಥೆಗೆ ಉತ್ತರಾರ್ಧವೂ ಇದೆ. ಸಂಸ್ಥೆ ದೊಡ್ಡದಾದಂತೆ ದೊಡ್ಡ ಕಂಪನಿಯ ಹಣ ಬಂದಿತು, ಭಾರಿ ಪಂದ್ಯಾವಳಿ ಬಂದಿತು. ಊರಿನ ಹುಡುಗರ ಆಟ ವ್ಯಾಪಾರವಾಗುತ್ತಿದೆಯೆಂದು ಸ್ಟಾಟ್ಸ್‌ಗೆ ಅನಿಸಿತು. 1955ರಲ್ಲಿ ತಾನೇ ಕಟ್ಟಿದ ಸಂಸ್ಥೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, ಕೊನೆಗೆ ಅದರಿಂದ ದೂರವಾದ. ಹೆಣ್ಣುಮಕ್ಕಳಿಗೆ ಅಲ್ಲಿಯೂ ಬಾಗಿಲು ತೆರೆದದ್ದು 1974ರಲ್ಲಿ, ಅದೂ ನ್ಯಾಯಾಲಯದ ತೀರ್ಪಿನ ನಂತರ. ಗರಡಿಗೆ ಬಂದ ಕಷ್ಟ ಹಣದ ಬಡತನದಿಂದ. ಲಿಟಲ್ ಲೀಗಿಗೆ ಬಂದ ಕಷ್ಟ ಹಣದ ಸಿರಿಯಿಂದ. ಊರಿನ ಹತ್ತು ಮಂದಿಯ ಸಣ್ಣ ಹಣಕ್ಕೆ ಇರುವ ಗುಣ ದೂರದ ಒಬ್ಬನ ದೊಡ್ಡ ಹಣಕ್ಕೆ ಇರುವುದಿಲ್ಲ ಎಂಬುದನ್ನು ಎರಡೂ ಕಥೆಗಳು ಬೇರೆಬೇರೆ ದಾರಿಯಿಂದ ಹೇಳುತ್ತವೆ.

ಸರದಿಯ ಮೇಲೆ ಹೊರೆ

ನಮ್ಮ ನಾಡಿನಲ್ಲೇ ಇದಕ್ಕೊಂದು ಸೊಗಸಾದ ಉದಾಹರಣೆ ಕೊಡಗಿನದು. ಹಾಕಿ ಅಗ್ಗದ ಆಟವಲ್ಲ. ಆದರೂ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದಾಗ 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳ ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು.

ಇದರ ಗುಟ್ಟು ಸರದಿಯಲ್ಲಿದೆ. ಒಂದೊಂದು ವರ್ಷ ಒಂದೊಂದು ಒಕ್ಕದವರು ಪಂದ್ಯಾವಳಿಯ ಹೊರೆ ಹೊರುತ್ತಾರೆ. ಆ ವರ್ಷದ ಬಟ್ಟಲಿಗೆ ಆ ಮನೆತನದ ಹೆಸರು. ಯಾರ ತಲೆಯ ಮೇಲೂ ಹೊರೆ ಬಹುಕಾಲ ನಿಲ್ಲುವುದಿಲ್ಲ, ಯಾರೂ ಒಡೆಯರಾಗುವುದಿಲ್ಲ. ತಂಡದಲ್ಲಿ ಒಲಿಂಪಿಕ್ಸ್ ಆಡಿದವರೂ ಇರಬಹುದು, ಶಾಲೆಯ ಹುಡುಗನೂ ಇರಬಹುದು, ಸೊಸೆ ಮಗಳೂ ಕೋಲು ಹಿಡಿಯಬಹುದು. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ನಿಂತಾಗ ತರಬೇತಿಯ ಶುಲ್ಕವನ್ನು ಯಾರು ಯಾರಿಗೆ ಕೊಡಬೇಕು? ಇದು ಒಂದು ಸಮುದಾಯದ ಬೇಸಿಗೆಯ ಉತ್ಸವವೇ ಹೊರತು ಎಲ್ಲರಿಗೂ ತೆರೆದ ವರ್ಷದ ಶಾಲೆಯಲ್ಲ ಎಂಬುದು ನಿಜ. ಆದರೆ ಹೊರೆಯನ್ನು ಸರದಿಯ ಮೇಲೆ ಹಂಚಿಕೊಳ್ಳುವ ಈ ಬುದ್ಧಿಗೆ ಜಾತಿಯಿಲ್ಲ. ಯಾವ ಊರಿನ ಬೀದಿಗಳೂ ಇದನ್ನು ಕಲಿಯಬಹುದು.

ಶಾಲೆಯೇ ಗರಡಿಯಾದ ದೃಷ್ಟಾಂತವೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ಪನ್ನು ಗೆದ್ದ ಭಾರತದ ವನಿತೆಯರ ತಂಡದಲ್ಲಿದ್ದ ಬಿ. ಚೈತ್ರಾ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ದೊಡ್ಡ ಪಟ್ಟಣದ ಯಾವ ಕ್ರೀಡಾ ಸಂಕೀರ್ಣವೂ ಅಲ್ಲಿಲ್ಲ. ಎರಡು ಕಂಬ, ಸುಣ್ಣದ ಗೆರೆ ಮತ್ತು ದಿನವೂ ಬಯಲಿಗೆ ಇಳಿಯುವ ಗುರು, ಇಷ್ಟಿದ್ದರೆ ಹಳ್ಳಿಯ ಹುಡುಗಿಗೆ ಜಗತ್ತಿನ ದಾರಿ ತೆರೆಯುತ್ತದೆ.

ಲೆಕ್ಕದ ಶಿಲ್ಕು

ಇಷ್ಟು ದೂರ ಬಂದ ಮೇಲೆ ಲೆಕ್ಕ ಮುಗಿಸಬಹುದು. ಆಟ ಅಗ್ಗವಾದದ್ದು ಸಾಮಾನು ಅಗ್ಗವಾದ್ದರಿಂದಲ್ಲ. ಸಾಮಾನಿನ ಖರ್ಚು ಎಂದೂ ದೊಡ್ಡದಾಗಿರಲಿಲ್ಲ. ಬುಟ್ಟಿಯಲ್ಲೂ ಆಟವಾಯಿತು, ಮಣ್ಣಿನಲ್ಲೂ ಆಯಿತು. ನಿಜವಾದ ಖರ್ಚು ಎರಡೇ: ನೆಲ ಮತ್ತು ಗುರು. ಊರು ಈ ಎರಡನ್ನೂ ತನ್ನದೆಂದು ಹೊತ್ತುಕೊಂಡಾಗ ಮಕ್ಕಳಿಗೆ ಆಟ ಬಿಟ್ಟಿಯಾಗಿ ಸಿಕ್ಕಿತು. ಊರು ಕೈಬಿಟ್ಟಾಗ ಅದೇ ಖರ್ಚು ಶುಲ್ಕದ ರೂಪದಲ್ಲಿ ತಂದೆಯ ಜೇಬಿಗೆ ಬಂದು ಬಿದ್ದಿತು.

ನೆಲದ ವಿಷಯದಲ್ಲಿ ಕಾನೂನು ನಮ್ಮ ಕಡೆಗಿದೆ. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳನ್ನು ಕಾಪಾಡಲು ಕರ್ನಾಟಕ 1985ರಲ್ಲೇ ಶಾಸನ ಮಾಡಿತು. ಪ್ರತಿಯೊಂದು ಶಾಲೆಗೂ ಆಟದ ಬಯಲಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಆದರೆ ಕಾಯಿದೆಗೆ ಕಣ್ಣಿಲ್ಲ. ಊರಿನವರೇ ಅದಕ್ಕೆ ಕಣ್ಣಾಗಬೇಕು. ಬಯಲಿನ ಒಂದು ಮೂಲೆಗೆ ವಾಣಿಜ್ಯ ಮಳಿಗೆ ಬಂದಾಗ, ಇನ್ನೊಂದು ಮೂಲೆ ಕಲ್ಯಾಣ ಮಂಟಪದ ವಾಹನಗಳಿಗೆ ಹೋದಾಗ ಎದ್ದು ನಿಂತು ಕೇಳುವವರು ಬೇಕು. ಕಾಗದವಿಲ್ಲದ ಗರಡಿಗಳ ಗತಿಯೇನಾಯಿತೆಂದು ನೋಡಿದವರು ಊರಿನ ಬಯಲಿನ ಪತ್ರಗಳನ್ನು ಒಮ್ಮೆ ತೆಗೆದು ನೋಡುವುದು ಮೇಲು.

ಗುರುವಿನ ವಿಷಯದಲ್ಲಿ ಮಾತ್ರ ನಾವು ಹಳೆಯ ತಪ್ಪನ್ನೇ ಮಾಡಬಾರದು. ತ್ಯಾಗ ದೊಡ್ಡ ಮಾತು. ಆದರೆ ಒಬ್ಬರ ತ್ಯಾಗದ ಮೇಲೆ ನಿಂತ ಸಂಸ್ಥೆ ಆ ಒಬ್ಬರ ಆಯುಷ್ಯದಷ್ಟೇ ಬಾಳುತ್ತದೆ. ಊರಿನಲ್ಲಿ ಐವತ್ತು ಅಂಗಡಿಗಳಿದ್ದರೆ, ಒಂದೊಂದು ಅಂಗಡಿಯ ತಿಂಗಳ ಸಣ್ಣ ವಂತಿಗೆಯಿಂದ ಒಬ್ಬ ಗುರುವಿಗೆ ಗೌರವಯುತವಾಗಿ ಸಂಬಳ ಕೊಡುವುದು ಅಸಾಧ್ಯವೇ? ಗಣೇಶೋತ್ಸವಕ್ಕೂ ಜಾತ್ರೆಗೂ ಪಟ್ಟಿ ಹಿಡಿದು ಬರುವವರಿಗೆ ನಾವು ಇಲ್ಲವೆನ್ನುವುದಿಲ್ಲ. ಆ ಪಟ್ಟಿಯಲ್ಲಿ ಇನ್ನೊಂದು ಬಾಬು ಸೇರಲಿ. ಲೆಕ್ಕವನ್ನು ಬರೆದಿಟ್ಟು, ವರ್ಷಕ್ಕೊಮ್ಮೆ ಊರಿನ ಮುಂದೆ ಓದಲಿ. ಎಷ್ಟು ಬಟ್ಟಲು ಬಂದವೆಂಬ ಎಣಿಕೆ ಅದರಲ್ಲಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಎಷ್ಟು ಮಕ್ಕಳು ಆಡಿದರು, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಯಾವ ಕೇರಿಯಿಂದ ಇನ್ನೂ ಯಾರೂ ಬಂದಿಲ್ಲ ಎಂಬ ಎಣಿಕೆ ಇರಲಿ.

ಎಣ್ಣೆಗೆ ಶಾಸನವಿಲ್ಲವೆಂದು ಆರಂಭದಲ್ಲಿ ಹೇಳಿದೆವು. ಶಾಸನ ಬೇಕಾಗಿಯೂ ಇಲ್ಲ. ಒಂದು ಲೆಕ್ಕದ ಪುಸ್ತಕವಿದ್ದರೆ ಸಾಕು. ಮುಂದೆಂದಾದರೂ ಆ ಊರಿನ ಆಟದ ಚರಿತ್ರೆ ಬರೆಯುವವನಿಗೆ ಅದರ ಮೊದಲ ಪುಟದಲ್ಲಿ ಐವತ್ತು ಹೆಸರುಗಳೂ, ಹೆಸರಿನ ಮುಂದೆ ಪುಟ್ಟ ಪುಟ್ಟ ಮೊತ್ತಗಳೂ ಸಿಕ್ಕಲಿ.